ದವಡೆಗೆ ಆನಿಸಿದ ಗಾಳದ ಕೋಲು

ನಮ್ಮ ಮನೆ ಇರುವುದು ತ್ರಾಸಿಯ ಹತ್ತಿರ, ಹೆದ್ದಾರಿಗೂ ಹೊಳೆಗೂ ನಡುವೆ. ಮುಂದಿನ ಜಗಲಿಯಲ್ಲಿ ಕೂತರೆ ಬಸ್ಸುಗಳು, ಅವುಗಳಾಚೆ ಕಡಲಿನ ಸದ್ದು. ಹಿಂಬದಿಯ ಕೆಂಪುಕಲ್ಲಿನ ಮೆಟ್ಟಿಲಲ್ಲಿ ಕೂತರೆ ಸೌಪರ್ಣಿಕೆ. ಅಪ್ಪಯ್ಯ ಮುಂಬಯಿಯ ಹೋಟೆಲ್ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಆ ಹಿಂಬದಿಯ ಮೆಟ್ಟಿಲು ಅವರದೇ ಆಗಿತ್ತು. ಕಡಲಿನ ಉಬ್ಬರಕ್ಕೆ ಹೊಳೆಯ ನೀರು ಏರುವ ಹೊತ್ತಿಗೆ ಬಿದಿರಿನ ಕೋಲು ಹಿಡಿದು ಅಲ್ಲಿ ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ನಾನು ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಸೇರಿ ಅಲ್ಲೇ ಕೋಣೆ ಮಾಡಿಕೊಂಡಿದ್ದೆ. ಒಂದು ಶನಿವಾರ ಮನೆಗೆ ಬಂದಾಗ ಅಪ್ಪಯ್ಯ ಮುಂದಿನ ಜಗಲಿಯಲ್ಲಿ ಕೂತು ಬಸ್ಸು ನೋಡುತ್ತಿದ್ದರು. ಮುಂದಿನ ಶನಿವಾರವೂ ಹಾಗೇ. ಅಮ್ಮ ಅಡುಗೆಮನೆಯಲ್ಲಿ ಸ್ವರ ತಗ್ಗಿಸಿ ಹೇಳಿದರು: "ಸಕ್ರಿ ಕಾಯಿಲಿ ಬೆರಳಿಗೆ ಇಳ್ದಿತ್ತ್. ಬಿಸಿ ಲೋಟ ಹಿಡ್ಕಂಡ್ರೂ ಗೊತ್ತಾತಿಲ್ಲೆ ಅವ್ರಿಗೆ."

ಕೈಯಲ್ಲಿ ಬಲ ಇತ್ತು, ಹಿಡಿತ ಇತ್ತು. ಸ್ಪರ್ಶ ಮಾತ್ರ ಹೋಗಿತ್ತು. ನಾನು ಗಾಳದ ಮಾತು ತೆಗೆದಾಗ ಅಪ್ಪಯ್ಯ ಹೆದ್ದಾರಿಯಿಂದ ಕಣ್ಣು ತೆಗೆಯದೆ ಹೇಳಿದರು: "ಮೀನ್ ಮುಟ್ಟಿದ್ದ್ ಕೈಗೆ ಗೊತ್ತಾಯ್ಕ್. ಗೊತ್ತಾತಿಲ್ಲೆ ಅಂದ್ರೆ ಅದ್ ಗಾಳ ಹಾಕುದಲ್ಲ, ಹೊಳಿಗೆ ಚಟ್ಲಿ ಊಟ ಹಾಕುದ್."

ಹೇಳಿ ನಕ್ಕರು. ನಾನೂ ನಕ್ಕೆ. ಆ ರಾತ್ರಿ ಊಟ ಮಾಡುವಾಗ ಅವರು ಅನ್ನ ಕಲಸುವ ಬೆರಳುಗಳನ್ನು ನೋಡದೆ ಇರಲು ಪ್ರಯತ್ನಿಸಿದೆ.

ನಮ್ಮ ಹೊಳೆಯಲ್ಲಿ ಅಪ್ಪಯ್ಯನಿಗೆ ಬೇಕಾದದ್ದು ಒಂದೇ ಮೀನು, ಕುರುಡಿ. ಹೋಟೆಲುಗಳ ಪಟ್ಟಿಯಲ್ಲಿ ಅದಕ್ಕೆ ಸೀಬಾಸ್ ಎಂಬ ಹೆಸರು. ಅದು ಗಾಳಕ್ಕೆ ಸಿಕ್ಕಿಸಿದ ಚಟ್ಲಿಯನ್ನು, ಅಂದರೆ ಸಿಗಡಿಯನ್ನು, ಕಚ್ಚಿ ಎಳೆಯುವುದಿಲ್ಲ, ಬಾಯಿ ತೆರೆದು ನೀರಿನ ಸಮೇತ ಒಳಕ್ಕೆ ಹೀರುತ್ತದೆ. ದಾರದಲ್ಲಿ ಬರುವುದು ಒಂದು ಸಣ್ಣ ತಟ್ಟು ಮಾತ್ರ. ಅದು ಗೊತ್ತಾದ ಕ್ಷಣದಲ್ಲೇ ಎತ್ತದಿದ್ದರೆ ಉಗುಳಿ ಹೋಗುತ್ತದೆ. ಹಾಗಾಗಿ ನನ್ನ ಪ್ರಶ್ನೆಯೂ ಒಂದೇ ಆಗಿತ್ತು: ಆ ತಟ್ಟನ್ನು ನೀರಿನಿಂದ ಮನುಷ್ಯನವರೆಗೆ ಎಲ್ಲಕ್ಕಿಂತ ಚೆನ್ನಾಗಿ ತರುವ ಕೋಲು ಯಾವುದು?

ಕುಂದಾಪುರದ ಬಲೆ ಅಂಗಡಿಯಿಂದ ಒಂದು ಸಾಧಾರಣ ಕಾರ್ಬನ್ ಕೋಲು ತಂದೆ. ಇನ್ನೊಂದು, ಅದಕ್ಕಿಂತ ಬಿರುಸಾದದ್ದು, ಕಾಲೇಜಿನ ಸಹೋದ್ಯೋಗಿಯೊಬ್ಬರದು. ಅವರ ತಮ್ಮ ಹಡಗಿನಲ್ಲಿ ಕೆಲಸ ಮಾಡುವವನು, ಹೊರದೇಶದಿಂದ ತಂದಿಟ್ಟು ಮತ್ತೆ ಹಡಗು ಹತ್ತಿದ್ದ. ಅವನು ಮುಂದಿನ ರಜೆಗೆ ಬರುವವರೆಗೆ ಇಟ್ಟುಕೊಳ್ಳಿ ಎಂದಿದ್ದರು. ಎರಡೂ ನಡುವೆ ಬಿಚ್ಚಿ ಜೋಡಿಸುವಂಥವು. ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಬಂದೆ. ಕಂಡಕ್ಟರ್ "ಎಂತ ಮೇಡಂ, ಕೊಳಲಾ?" ಎಂದು ಕೇಳಿದ. ಹೌದು ಎಂದೆ. ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು.

ಮೂರನೆಯದು ಆಚೆಮನೆ ಮಾವನದು. ಅವರು ನೆಂಟರಲ್ಲ, ಪಕ್ಕದ ಮನೆಯವರು. ಲಾರಿ ಓಡಿಸಿ ನಿವೃತ್ತರಾದವರು, ಅಪ್ಪಯ್ಯನ ಗಾಳದ ಜತೆಗಾರರು, ಅವರನ್ನು ಭಾವ ಎಂದೂ ಅಮ್ಮನನ್ನು ಅಕ್ಕ ಎಂದೂ ಕರೆಯುವವರು. ಅವರ ಫೈಬರ್ ಗ್ಲಾಸಿನ ಕೋಲು ಹೆಬ್ಬೆರಳ ಗಾತ್ರದ್ದು, ಒನಕೆಯ ಹಾಗೆ ಭಾರ. ನಾಲ್ಕನೆಯದು ಅಪ್ಪಯ್ಯನ ಬಿದಿರು, ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಕಂದು ಬಣ್ಣಕ್ಕೆ ತಿರುಗಿದ್ದು.

ಭಾನುವಾರ ಬೆಳಿಗ್ಗೆ ನಾಲ್ಕನ್ನೂ ಹಿಂಬದಿಯ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟೆ. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ, ಅದಕ್ಕೆ ವಿದ್ಯುತ್ ತಂತಿ ಹಾದುಹೋಗುವ ಬದಿಯನ್ನು ಬಿಟ್ಟು ಈಚೆ ಕೂತೆ. ಒಂದೊಂದೇ ಕೋಲಿನ ಬುಡವನ್ನು ಮೆಟ್ಟಿಲಿಗೆ ಒತ್ತಿ ಹಿಡಿದು ತುದಿಗೆ ಒಂದೇ ಸೀಸದ ಗುಂಡನ್ನು ತೂಗಿಬಿಟ್ಟೆ. ಫೈಬರಿನದು ಬುಡದವರೆಗೂ ಬಾಗಿತು. ಬಿದಿರು ನಡುವಿನಿಂದ ಬಾಗಿತು. ಕಾರ್ಬನ್ನುಗಳು ತುದಿಯನ್ನಷ್ಟೇ ತಗ್ಗಿಸಿದವು. ಆಮೇಲೆ ತುದಿಯನ್ನು ಕೆಳಗೆಳೆದು ಬಿಟ್ಟುಬಿಡುವುದು. ಫೈಬರಿನದು ಬಹಳ ಹೊತ್ತು ತಲೆ ಆಡಿಸುತ್ತಲೇ ಇತ್ತು, ಬಿದಿರು ಅದಕ್ಕಿಂತ ಸ್ವಲ್ಪ ಕಡಿಮೆ. ಅಂಗಡಿಯ ಕಾರ್ಬನ್ ಬೇಗ ನಿಂತಿತು. ಸಹೋದ್ಯೋಗಿಯದು ಒಮ್ಮೆ ನಡುಗಿತು, ಅಷ್ಟೇ. ಮುಂದಿನ ಕ್ಷಣ ಯಾರೂ ಅದನ್ನು ಮುಟ್ಟಿಯೇ ಇಲ್ಲವೇನೋ ಎಂಬಂತೆ ಸ್ತಬ್ಧವಾಗಿತ್ತು.

ನಾನು ಅದನ್ನು ಮತ್ತೆ ಮತ್ತೆ ಎಳೆದು ಬಿಟ್ಟೆ. ಮೊದಲ ಸಲ ಪರೀಕ್ಷೆಗಾಗಿ, ಆಮೇಲೆ ಬರೀ ನೋಡುವುದಕ್ಕಾಗಿ. ಅದರ ತೂಕ ಒಂದು ಅಗಲ ಸೌಟಿನಷ್ಟೂ ಇರಲಿಲ್ಲ. ಪೆನ್ಸಿಲಿನ ಕಡ್ಡಿ, ಅಮ್ಮನ ಒಲೆಯ ಮಸಿ, ಇದು, ಎಲ್ಲವೂ ಮೂಲದಲ್ಲಿ ಕಾರ್ಬನ್ನೇ. ಅದನ್ನೇ ಕೂದಲಿಗಿಂತ ಸಪೂರವಾದ ಎಳೆಗಳಾಗಿ ಮಾಡಿ, ಒಂದೇ ದಿಕ್ಕಿಗೆ ಮಲಗಿಸಿ, ಅಂಟಿನಲ್ಲಿ ಹಿಡಿದಿಟ್ಟರೆ ಇಂಥ ವಸ್ತುವಾಗುತ್ತದೆ ಎಂದು ತರಗತಿಯಲ್ಲಿ ನಾನೇ ಎಷ್ಟೋ ಸಲ ಹೇಳಿದ್ದೆ. ಕೈಯಲ್ಲಿ ಹಿಡಿದದ್ದು ಅವತ್ತೇ ಮೊದಲು. ಕೋಲು ತಾನೇ ಬೇಗ ಸುಮ್ಮನಾದರೆ ನೀರಿನಿಂದ ಬಂದದ್ದು ಅದರ ಅಲುಗಾಟದಲ್ಲಿ ಕಲೆಸಿಹೋಗುವುದಿಲ್ಲ.

ಆಚೆಮನೆ ಮಾವ ಬೇಲಿಯ ಬದಿಯಿಂದ ಕೂಗಿದರು: "ಹ್ವಾಯ್ ಭಾವ, ನಿಮ್ಮ ಮಗಳ್ ಮೀನ್ ಹಿಡುಕೆ ಕೂತದ್ದಾ, ಕೋಲಿಗೆ ಪರೀಕ್ಷಿ ಮಾಡುಕೆ ಕೂತದ್ದಾ?"

"ನಿನ್ನ ಕೋಲ್ ಫೇಲಂಬ್ರ್" ಎಂದರು ಅಪ್ಪಯ್ಯ, ಮನೆಯೊಳಗಿಂದ ಹೊರಬರುತ್ತ. ಅವರನ್ನು ಹಿಂಬದಿಗೆ ತಂದದ್ದು ಕುತೂಹಲವೋ ಮಾವನ ಸ್ವರವೋ ಗೊತ್ತಿಲ್ಲ.

"ಫೇಲಾ! ಅದ್ರಗೆ ನಾನ್ ಹಿಡ್ದ ಮೀನ್ ನೀವೂ ತಿಂದಿದ್ರಿ, ಮರ್ತ್ ಹೋಯ್ತಾ?"

ಸಿಗಡಿ ಸಿಕ್ಕಿಸದೆ, ಬರೀ ಸೀಸದ ಗುಂಡು ಕಟ್ಟಿ, ದಾರ ಸುತ್ತುವ ರೀಲನ್ನು ಒಂದು ಕೋಲಿನಿಂದ ಇನ್ನೊಂದಕ್ಕೆ ಬದಲಿಸುತ್ತ, ಒಂದೊಂದರಲ್ಲೂ ದಾರವನ್ನು ಹೊಳೆಯ ನಡುವಿಗೆ ಎಸೆದು ನಿಧಾನ ಸುತ್ತುತ್ತ ಬಂದೆ. ಫೈಬರಿನಲ್ಲಿ ಗುಂಡು ಎಳೆದದ್ದು ಗೊತ್ತಾಯಿತು, ಅದಕ್ಕಿಂತ ಹೆಚ್ಚೇನೂ ಇಲ್ಲ. ಬಿದಿರಿನಲ್ಲಿ ಕಲ್ಲು ತಾಗಿದ್ದು ತಿಳಿಯಿತು. ಬಿರುಸು ಕಾರ್ಬನ್ನಿನಲ್ಲಿ ಇಡೀ ತಳವೇ ಅಂಗೈಗೆ ಬಂತು. ಮರಳು ಸಣ್ಣಗೆ ಕೊರೆಯಿತು. ಕೆಸರಿನಲ್ಲಿ ಎಲ್ಲ ಸದ್ದೂ ಮುಚ್ಚಿಹೋಯಿತು. ಆಮೇಲೆ ಚಿಪ್ಪುಗಳ ಮೇಲೆ ಗುಂಡು ಕಟಕಟನೆ ಹತ್ತಿ ಇಳಿಯಿತು. ಹುಟ್ಟಿದಾಗಿನಿಂದ ನೋಡುತ್ತಿದ್ದ ಹೊಳೆಗೆ ಹೀಗೊಂದು ನೆಲವಿದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಅದನ್ನು ಅಪ್ಪಯ್ಯನ ಕೈಗೆ ಕೊಟ್ಟೆ. ಅವರು ಎಸೆದರು, ಸುತ್ತಿದರು. "ಒಳ್ಳೇದಿತ್ತ್. ಹಗುರ ಇತ್ತ್" ಎಂದರು. ಅವರ ಕಣ್ಣು ಕೋಲಿನ ತುದಿಯ ಮೇಲಿತ್ತು. ಕೈಗೆ ಗೊತ್ತಾಗುವವರು ತುದಿಯನ್ನು ನೋಡುವುದಿಲ್ಲ, ನೀರನ್ನು ನೋಡುತ್ತಾರೆ. ಅವರು ಮೊದಲು ಹಾಗೇ ಇದ್ದರು.

"ಗೊತ್ತಾತಿತ್ತಾ ಅಪ್ಪಯ್ಯ?"

"ಇಲ್ಲೆ ಮಗಾ" ಎಂದು ಕೋಲನ್ನು ನನಗೇ ವಾಪಸು ಕೊಟ್ಟರು. ಬಹಳ ಮೆಲ್ಲಗೆ ಕೊಟ್ಟರು, ನನಗೆ ಬೇಸರವಾಗಬಾರದು ಎಂಬಂತೆ.

ನಾನು ದಾರವನ್ನು ಮತ್ತೆ ಎಸೆದು ಕೋಲು ಹಿಡಿದುಕೊಂಡು ಕೂತೆ. ಅದರ ಬುಡ ನನ್ನ ಮೊಣಕೈ ಮೂಳೆಗೆ ತಾಗುತ್ತಿತ್ತು. ನೀರು ಏರುತ್ತಿದ್ದುದರಿಂದ ದಾರ ತಾನಾಗಿ ಜಗ್ಗಿ ಗುಂಡು ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ಜಾರಿತು. ಆ ಜಾರಿದ್ದು ಅಂಗೈಗಿಂತ ಮೊದಲು ಮೂಳೆಯಲ್ಲಿ ಕೇಳಿಸಿತು.

ಆಗ ನೆನಪಾದದ್ದು ತೊಂಬತ್ತೇಳರ ಸುಮಾರಿನ ಒಂದು ಬೆಳಿಗ್ಗೆ. ಅಪ್ಪಯ್ಯ ರಜೆಯಲ್ಲಿ ಬಂದಿದ್ದರು. ಮುಂಬಯಿಗೆ ಹೋಗುವ ಮೊದಲು ಅವರು ಹೊಯ್ಗೆ ದೋಣಿಯಲ್ಲಿ, ಅಂದರೆ ಹೊಳೆಯ ತಳದಿಂದ ಮರಳು ಎತ್ತುವ ದೋಣಿಯಲ್ಲಿ, ಕೆಲಸ ಮಾಡಿದವರು. ಹಳೆಯ ಗೆಳೆಯರ ಆ ದೋಣಿಗೆ ನನ್ನನ್ನೂ ಹತ್ತಿಸಿಕೊಂಡಿದ್ದರು. ದೋಣಿಯವರು ಉದ್ದದ ಬಿದಿರ ಗಳವನ್ನು ನೀರಿಗೆ ಇಳಿಸಿ, ಮೇಲಿನ ತುದಿಗೆ ದವಡೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ದಪ್ಪ ಹೊಯ್ಗೆಯೋ ಕೆಸರೋ ಎಂದು ಹಾಗೇ ಹೇಳುತ್ತಿದ್ದರು. ಅಪ್ಪಯ್ಯ ನನ್ನನ್ನು ಎತ್ತಿ ಹಿಡಿದು ಗಳದ ತುದಿಯನ್ನು ನನ್ನ ದವಡೆಗೆ ತಾಗಿಸಿ "ಕೇಂತಾ?", ಕೇಳಿಸುತ್ತದಾ, ಎಂದು ಕೇಳಿದ್ದರು. ನನ್ನ ತಲೆಯೊಳಗೆ ಯಾರೋ ಸಕ್ಕರೆ ಅರೆಯುತ್ತಿದ್ದ ಹಾಗೆ ಆಗಿತ್ತು.

"ಅಪ್ಪಯ್ಯ," ಎಂದೆ, "ದವಡಿಗೆ ಹಿಡಿನಿ ಕಾಂಬ. ಹೊಯ್ಗೆ ದೋಣಿಯಗೆ ಹಿಡಿತಿದ್ರಿ ಅಲ್ದಾ, ಹಾಂಗೆ."

ಅವರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಕೆಳಗಿನ ಮೆಟ್ಟಿಲಿಗೆ ಇಳಿದು ಕೂತು, ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟು, ಬುಡವನ್ನು ದವಡೆಯ ಮೂಳೆಗೆ ಆನಿಸಿದರು. ನಾನು ರೀಲಿನ ಹಿಡಿಯನ್ನು ತಿರುಗಿಸತೊಡಗಿದೆ.

ಬೇಲಿಯಾಚೆಯಿಂದ ಸ್ವರ ಬಂತು: "ಅಯ್ಯೋ ಭಾವ, ಕೋಲಿಗೆ ಮುತ್ತ್ ಕೊಡ್ತಾ ಇದ್ರಿಯಾ? ಒಳ್ಗೆ ಅಕ್ಕ ಕಾಂತ್ರ್!"

ಅಪ್ಪಯ್ಯ ಒಂದು ಕೈ ಎತ್ತಿ ಅವರನ್ನು ತಡೆದರು. ಕಣ್ಣು ಮುಚ್ಚಿದ್ದರು.

"ಹೊಯ್ಗಿ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಕೆಸ್ರ್." ಮತ್ತೆ, "ಚಿಪ್ಪ್. ಚಿಪ್ಪ್. ಇದ್ ಕಲ್ಲ್, ಅಂಚ್ ಮುರ್ದ ಕಲ್ಲ್." ಗುಂಡು ಎಲ್ಲೆಲ್ಲಿ ಹೋಗುತ್ತಿದೆ ಎಂದು ರೀಲು ಸುತ್ತುತ್ತಿದ್ದ ನನಗೆ ಗೊತ್ತಾಗುವ ಮೊದಲೇ ಅವರು ಹೇಳುತ್ತಿದ್ದರು.

ಆಮೇಲೆ ಅವರೇ ಕೇಳಿ ಒಂದೊಂದನ್ನೂ ದವಡೆಗೆ ಹಿಡಿದು ನೋಡಿದರು. ಮಾವನ ಫೈಬರಿನಲ್ಲಿ "ಹತ್ತಿ ಕಿಮಿಗೆ ತುರ್ಕಿದ ಹಾಂಗ್ ಇತ್ತ್" ಎಂದು ಕಿವಿ ತಟ್ಟಿಕೊಂಡರು. ಬಿದಿರಿನಲ್ಲಿ ಅರ್ಧ ಕೇಳಿಸಿತಂತೆ. ಅಂಗಡಿಯ ಕಾರ್ಬನ್ನಿನಲ್ಲಿ ಎಲ್ಲವೂ ಕೇಳಿಸಿತು, ಆದರೆ ಮರಳೂ ಚಿಪ್ಪೂ ಒಂದರೊಳಗೊಂದು ಸೇರಿಕೊಳ್ಳುತ್ತಿದ್ದವು. ಬಿರುಸಿನದನ್ನು ಮತ್ತೆ ತೆಗೆದುಕೊಂಡವರು ಮಧ್ಯಾಹ್ನದವರೆಗೆ ಕೆಳಗಿಡಲಿಲ್ಲ.

ಹನ್ನೊಂದರ ಹೊತ್ತಿಗೆ ಸಿಗಡಿ ಸಿಕ್ಕಿಸಿ ಎಸೆದರು. ನಾನು ಮೇಲಿನ ಮೆಟ್ಟಿಲಲ್ಲಿದ್ದೆ. ಕೋಲಿನ ತುದಿ ಅಲುಗಿದ್ದು ನನಗೆ ಕಾಣಲಿಲ್ಲ, ನೀರಿನಲ್ಲಿ ಏನೂ ಆಗಲಿಲ್ಲ. ಅಪ್ಪಯ್ಯನ ದವಡೆ ಮಾತ್ರ ಬಿಗಿಯಿತು. ಮರುಕ್ಷಣ ಎದ್ದು ನಿಂತು ಎರಡೂ ಕೈಯಲ್ಲಿ ಎತ್ತಿಬಿಟ್ಟಿದ್ದರು. ಕೋಲು ಬಾಗಿತು, ಹೊಳೆಯ ನಡುವೆ ಬೆಳ್ಳಗಿನದೊಂದು ನೀರು ಸೀಳಿ ಮೇಲೆದ್ದಿತು. ಮಾವ ತಮ್ಮ ಕೈಬಲೆ ಹಿಡಿದು ಬೇಲಿ ದಾಟಿ ಓಡಿ ಬಂದರು. "ಸಡ್ಲ ಬಿಡ್ನಿ! ಬಿಡ್ನಿ ಅಂದೆ!" ಎಂದು ಕೂಗಿದ್ದು ಹೆದ್ದಾರಿಗೂ ಕೇಳಿರಬೇಕು. ಮೀನು ಮೆಟ್ಟಿಲ ಮೇಲೆ ಬಂದು ಬಿದ್ದಾಗ ಅಪ್ಪಯ್ಯ ಅದನ್ನು ನೋಡಲಿಲ್ಲ. ತಮ್ಮ ದವಡೆಯನ್ನು ಸವರಿಕೊಳ್ಳುತ್ತಿದ್ದರು.

ಮುಂದಿನ ಶನಿವಾರ ಬಂದಾಗ, ನಾನು ಜಗಲಿಯಲ್ಲಿ ಬಿಟ್ಟುಹೋಗಿದ್ದ ಸಹೋದ್ಯೋಗಿಯ ಕೋಲು ಅಲ್ಲಿ ಇರಲಿಲ್ಲ. ಹುಡುಕಿದರೆ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ, ಬಿದಿರಿನ ಪಕ್ಕ, ಮೈತುಂಬ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದುಕೊಂಡು ಹೊಗೆಯಲ್ಲಿ ಮಲಗಿತ್ತು. ಈ ಮನೆಗೆ ಬಂದ ಪ್ರತಿ ಕೋಲಿಗೂ ಮಳೆಗಾಲಕ್ಕೆ ಮೊದಲು ಆಗುವ ಉಪಚಾರ ಅದು. ನೀರು ನುಗ್ಗಬಾರದೆಂದು ಜೋಡಣೆಯ ಸಂದಿಗೂ ಎಣ್ಣೆ ಇಳಿಸಿದ್ದರು. ಹೊಗೆಗೆ ಅದು ಒಣಗಿ ಅರಗಿನಂತಾಗಿ ಎರಡು ತುಂಡುಗಳೂ ಒಂದೇ ಆಗಿದ್ದವು. ನಾನೂ ಮಾವನೂ ಎರಡು ಬದಿಯಿಂದ ಎಳೆದರೂ ಬಿಚ್ಚಲಿಲ್ಲ.

"ಇನ್ ಹುಳ ಹಿಡಿತಿಲ್ಲೆ" ಎಂದರು ಅಪ್ಪಯ್ಯ ಸಮಾಧಾನದಿಂದ.

"ಅಪ್ಪಯ್ಯ, ಇದಕ್ಕೆ ಹುಳ ಹಿಡಿಯುದೇ ಇಲ್ಲೆ."

"ಹೌದಾ? ಹಂಗಾರೆ ಮತ್ತೂ ಒಳ್ಳೇದಾಯ್ತ್."

ಒರೆಸಿ, ತುದಿ ಎಳೆದು ಬಿಟ್ಟು ನೋಡಿದೆ. ಒಮ್ಮೆ ನಡುಗಿ ನಿಂತಿತು. ಹೊಗೆಯಿಂದ ಅದಕ್ಕೆ ಏನೂ ಆಗಿರಲಿಲ್ಲ. ಆದರೆ ಅಷ್ಟುದ್ದದ ಕೋಲನ್ನು ಇನ್ನು ಯಾವ ಬಸ್ಸಿಗೂ ಹತ್ತಿಸುವಂತಿರಲಿಲ್ಲ. ಸಹೋದ್ಯೋಗಿಗೆ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿ, ಬಹಳ ಹೊತ್ತು ನಕ್ಕು, ಹಡಗಿನಲ್ಲಿದ್ದ ತಮ್ಮನಿಗೆ ಅಂಥದೇ ಇನ್ನೊಂದು ತರಲು ತಿಳಿಸಿದರು. ಕೊಟ್ಟದ್ದನ್ನು ಅಪ್ಪಯ್ಯನಿಗೇ ಬಿಟ್ಟರು.

ಆಮೇಲಿನ ಶನಿವಾರಗಳಲ್ಲಿ ಬಸ್ಸಿಳಿದಾಗ ಮುಂದಿನ ಜಗಲಿ ಖಾಲಿ ಇರುತ್ತಿತ್ತು. ಅಮ್ಮ ಒಳಗಿಂದಲೇ "ನಿನ್ನ ಅಪ್ಪಯ್ಯಂಗೆ ಕೈ ಬ್ಯಾಡ, ದವಡಿ ಒಂದಿದ್ರೆ ಸಾಕ್" ಎನ್ನುತ್ತಿದ್ದರು. ಒಂದು ಸಲ ಚಪ್ಪಲಿ ಕಳಚಿ, ಸದ್ದಾಗದಂತೆ, ಬರಿಗಾಲಲ್ಲಿ ಹಿಂಬದಿಗೆ ಹೋದೆ. ಅಪ್ಪಯ್ಯ ನನಗೆ ಬೆನ್ನು ಹಾಕಿ ಕೂತಿದ್ದರು. ದಾರ ಹೊಳೆಯಲ್ಲಿತ್ತು. ಅವರು ಕೋಲಿನ ಬುಡವನ್ನು ಮೆಟ್ಟಿಲ ಕಲ್ಲಿನ ಸಂದಿಯಲ್ಲಿ ಊರಿ, ಕೋಲಿನ ಮೇಲೆಯೇ ದವಡೆ ಇಟ್ಟಿದ್ದರು. ನಾನು ಮೇಲಿನ ಮೆಟ್ಟಿಲಿಗೆ ಕಾಲಿಟ್ಟೆನಷ್ಟೇ.

"ಮೆಲ್ಲ ಬಾ ಮಗಾ," ಎಂದರು ತಿರುಗದೆ. "ನಿನ್ನ ಹೆಜ್ಜಿ ಕೇಂತ್."

ನಾನು ಇದ್ದಲ್ಲೇ ನಿಂತೆ.