ಕ್ಯಾಪ್ಟನಕ್ಕನ ಹಸಿರು ಕೋಟು

ಈಚೆಗೆ ಒಂದು ಕೋಟಿನ ಬಣ್ಣ ಬದಲಾಯಿತು. ಅದಕ್ಕಾಗಿ ಎಲ್ಲೆಲ್ಲಿಯೋ ಇರುವ ಜನ ಊಟ ನಿದ್ದೆ ಬಿಟ್ಟು ವಾದಕ್ಕೆ ಕುಳಿತರು. ಗುಡಗೇರಿಯ ನಮ್ಮ ಓಣಿಯ ಗಂಗಕ್ಕ ಮಾತ್ರ ಶೇಂಗಾ ಸುಲಿಯುತ್ತಲೇ ಒಂದು ಮಾತಿನಲ್ಲಿ ಕೇಸು ಮುಗಿಸಿದರು.

"ಆಕಿ ಬಸರಿ ಅದಾಳ ನೋಡವಾ."

ಯಾರು ಆಕಿ? ಹೇಳುತ್ತೇನೆ. ‘ಎಂಟನೇ ಚಂದ್ರ’ ಅಂತ ಒಂದು ವಿದೇಶಿ ಸೀರಿಯಲ್ಲು. ಒಂದು ಆಕಾಶನೌಕೆ, ಅದರಲ್ಲಿ ನೆಲ ಹುಡುಕುತ್ತ ಹೊರಟ ಒಂದಿಷ್ಟು ಜನ, ಅವರನ್ನೆಲ್ಲ ಕಾಯುವ ಒಬ್ಬ ಹೆಣ್ಣು ಕ್ಯಾಪ್ಟನ್. ಕನ್ನಡಕ್ಕೆ ಡಬ್ ಆದ ಮೇಲೆ ನಮ್ಮ ಓಣಿ ಅದಕ್ಕೆ ಮರುಳಾಯಿತು. ಗಂಗಕ್ಕನ ಮನೆಯ ಟೀವಿ ದೊಡ್ಡದು, ಆದ್ದರಿಂದ ಎಲ್ಲರೂ ಅಲ್ಲಿಯೇ. ನೌಕೆಗೆ ನಮ್ಮವರು ಇಟ್ಟ ಹೆಸರು ಹಡಗ. ಕ್ಯಾಪ್ಟನ್ನಿಗೆ ಇಟ್ಟ ಹೆಸರು ಕ್ಯಾಪ್ಟನಕ್ಕ. (ಅನ್ಯಗ್ರಹದ ಜೀವಿಗಳು ಕೂಡ ಅಚ್ಚ ಬೆಂಗಳೂರು ಕನ್ನಡ ಮಾತಾಡುತ್ತವೆ. "ಅಲ್ಲಿಗೂ ಬೆಂಗ್ಳೂರವರ ಮೊದಲ ಮುಟ್ಯಾರ ಬಿಡ್ರಿ" ಎಂಬುದು ಎದುರು ಮನೆಯ ಮಾದೇವಿಯ ತಕರಾರು.)

ಸೀರಿಯಲ್ಲು ನೋಡುವುದು ಅವರ ಕೆಲಸ. ಅದರ ಸುದ್ದಿ ತರುವುದು ನನ್ನದು. ನಟ ನಟಿಯರು ಏನು ಮಾಡುತ್ತಿದ್ದಾರೆ, ಅದನ್ನು ಕಟ್ಟಿದ ಇಬ್ಬರು ಗೆಳತಿಯರು ಏನು ಹೇಳಿದರು, ಮುಂದಿನ ಸೀಸನ್ ಯಾವಾಗ, ಇವೆಲ್ಲ ಇಂಗ್ಲಿಷಿನ ಫ್ಯಾನ್ ಪೇಜುಗಳಲ್ಲಿ ಬರುತ್ತವೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಇಂಗ್ಲಿಷ್ ಕಲಿಸುವಾಗ, ಮುಂದೊಂದು ದಿನ ಈ ಹುಡುಗಿ ಕಟ್ಟೆಯ ಮೇಲೆ ಕುಳಿತು ಆಕಾಶನೌಕೆಯ ಸುದ್ದಿ ಓದುತ್ತಾಳೆ ಎಂದು ಅಂದುಕೊಂಡಿರಲಿಕ್ಕಿಲ್ಲ. ಆದರೆ ಕಲಿತದ್ದು ಯಾವುದಕ್ಕೋ ಉಪಯೋಗವಾಗಬೇಕಲ್ಲ?

ಈಗ ಕೋಟಿನ ವಿಷಯ. ಹೊಸ ಸೀಸನ್ನಿನ ಪೋಸ್ಟರ್ ಬಂತು. ಸದಾ ನೀಲಿ ಕೋಟು ತೊಡುತ್ತಿದ್ದ ಕ್ಯಾಪ್ಟನಕ್ಕ ಈ ಸಲ ಹಸಿರು ಕೋಟು ತೊಟ್ಟಿದ್ದಳು. ಗುಂಡಿ ಹಾಕಿರಲಿಲ್ಲ, ಒಂದು ಬದಿಯನ್ನು ಇನ್ನೊಂದರ ಮೇಲೆ ಎಳೆದುಕೊಂಡಿದ್ದಳು. ಫ್ಯಾನುಗಳು ಪುಟಗಟ್ಟಲೆ ಬರೆದರು. ಆಕೆ ಶತ್ರುಗಳ ಕಡೆ ಸೇರಿದಳೆಂದು ಒಬ್ಬ. ಅದು ಆಕೆಯಲ್ಲ, ಆಕೆಯ ಯಂತ್ರದ ಗೊಂಬೆ ಎಂದು ಇನ್ನೊಬ್ಬ. ನಾನು ಎಲ್ಲವನ್ನೂ ಓದಿ ಹೇಳಿದೆ.

ಗಂಗಕ್ಕ ಫೋಟೋ ನೋಡಿದರು. "ಹಸರ ಉಡಿಸ್ಯಾರಂದ್ರ ಕಳ್ಳಕುಬಸ ಆಗೇತಿ. ಅಷ್ಟು ತಿಳಿವಲ್ದ ಅವರಿಗೆ?"

ನಮ್ಮ ಕಡೆಯ ಓದುಗರಿಗೆ ಗೊತ್ತು. ಉಳಿದವರಿಗಾಗಿ ಒಂದು ಮಾತು. ಬಸುರಿಗೆ ತವರಿನವರು ಬಂದು ಮಾಡುವ ದೊಡ್ಡ ಕುಬಸಕ್ಕಿಂತ, ಅಂದರೆ ಸೀಮಂತಕ್ಕಿಂತ, ಮೊದಲು, ಐದನೇ ತಿಂಗಳ ಹೊತ್ತಿಗೆ, ಹೆಚ್ಚು ಸದ್ದಿಲ್ಲದೆ ಓಣಿಯ ನಾಲ್ಕು ಹೆಂಗಸರು ಸೇರಿ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಊಟ ಹಾಕುತ್ತಾರೆ. ಅದೇ ಕಳ್ಳಕುಬಸ. ಗಂಗಕ್ಕನ ಸೊಸೆ ಸುವರ್ಣಾಗೆ ಅದು ಹಿಂದಿನ ವಾರವಷ್ಟೇ ಆಗಿತ್ತು. ಆಕೆಯ ಕೈಯ ಬಳೆಗಳು ಶೇಂಗಾ ಸುಲಿಯುವಾಗ ಇನ್ನೂ ಹೊಸ ಸದ್ದು ಮಾಡುತ್ತಿದ್ದವು.

ನಾನು ನಕ್ಕೆ. ಆ ದೇಶದಲ್ಲಿ ಎಲ್ಲಿಯ ಕುಬಸ, ಎಲ್ಲಿಯ ಹಸಿರು?

ಮುಂದಿನ ವಾರ ಸುದ್ದಿ ಬಂತು. ನಟಿ ನಿಜವಾಗಿಯೂ ಬಸುರಿ!

(ಹಸಿರಿನ ಕಾರಣವೂ ಆಮೇಲೆ ತಿಳಿಯಿತು. ಹಳೆಯ ನೀಲಿ ಕೋಟಿನ ಗುಂಡಿ ಕೂಡುತ್ತಿರಲಿಲ್ಲವಂತೆ. ದರ್ಜಿಯ ಹತ್ತಿರ ಅಷ್ಟು ದೊಡ್ಡ ಬಟ್ಟೆ ಉಳಿದಿದ್ದದ್ದು ಹಸಿರಿನದು ಮಾತ್ರ. ಗಂಗಕ್ಕನಿಗೆ ಇದನ್ನು ಹೇಳಿದರೆ, "ಹಾಂಗ ಅಂತಾರ" ಎಂದರು.)

ಓಣಿಗೆ ಓಣಿಯೇ ಸಂಭ್ರಮಪಟ್ಟಿತು. ಮಾದೇವಿ ಸಕ್ಕರೆ ಹಂಚಿದಳು. ಸಾವಿರಾರು ಮೈಲಿ ಆಚೆ ಇರುವ ಹೆಂಗಸಿಗೆ ಇಲ್ಲಿ ಸಕ್ಕರೆ! ಆದರೆ ಆ ಸಕ್ಕರೆ ಬಾಯಲ್ಲಿ ಕರಗುವ ಮೊದಲೇ ಗಂಗಕ್ಕ ಸೊಸೆಯ ಕಡೆ ತಿರುಗಿದರು.

"ನೋಡ್ ಬೇ ಸುವರ್ಣಾ, ಇನ್ನ ಆಕೀನೂ ಮನ್ಯಾಗ ಕುಂದರ್ತಾಳ. ನೀನೂ ಈ ತಿಂಗಳಿಗೆ ಸಾಲಿ ಬಿಡು."

ಸುವರ್ಣಾ ಕೈಯಲ್ಲಿದ್ದ ಶೇಂಗಾ ಸಿಪ್ಪೆಯನ್ನು ಸಣ್ಣಗೆ ಮುರಿಯುತ್ತ ಕುಳಿತಳು.

ಆಕೆ ಕುಬಿಹಾಳದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಗಣಿತ ಕಲಿಸುತ್ತಾಳೆ. ದಿನಾ ಸ್ಕೂಟಿಯ ಮೇಲೆ ಹೋಗಿ ಬರುತ್ತಾಳೆ. ಆ ಕಪ್ಪು ಎರಿ ಮಣ್ಣಿನ ರಸ್ತೆ ನಿಮಗೆ ಗೊತ್ತಲ್ಲ? ಒಣಗಿದರೆ ಕುಲುಕಾಟ, ನೆನೆದರೆ ಜಾರಾಟ. ಗಂಗಕ್ಕನ ಹೆದರಿಕೆ ಸುಳ್ಳಲ್ಲ. ಆದರೆ ಅತಿಥಿ ಶಿಕ್ಷಕಿ ಎಂದರೆ ಹೆಸರಿಗೆ ತಕ್ಕಂತೆ ಅತಿಥಿಯೇ. ನಡುವೆ ಬಿಟ್ಟರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ. ತಿರುಗಿ ಕರೆಯುತ್ತಾರೆಂಬ ಭರವಸೆ ಇಲ್ಲ. ಸುವರ್ಣಾಗೆ ಆ ಕೆಲಸ ಎಷ್ಟು ಇಷ್ಟವೆಂಬುದು ನನಗೆ ಗೊತ್ತು. ಹುಡುಗರ ಲೆಕ್ಕ ತಿದ್ದುವಾಗ ತಪ್ಪಾದದ್ದಕ್ಕೆ ಕೂಡ ಆಕೆ ಸಣ್ಣದೊಂದು ಹೂ ಬಿಡಿಸುತ್ತಾಳೆ. ಪ್ರಯತ್ನ ಮಾಡಿದ್ದಕ್ಕಂತೆ.

ಅತ್ತೆಗೆ ಎದುರಾಡುವ ಸ್ವಭಾವವಂತೂ ಆಕೆಯದಲ್ಲ. ಹಾಗಾದರೆ ಆ ಮನೆಯಲ್ಲಿ ವಾದ ನಡೆಯಲಿಲ್ಲವೇ? ನಡೆಯಿತು. ಭರ್ಜರಿಯಾಗಿಯೇ ನಡೆಯಿತು. ಎಲ್ಲವೂ ಕ್ಯಾಪ್ಟನಕ್ಕನ ಹೆಸರಿನಲ್ಲಿ!

"ಬಸರಿ ಹೆಂಗಸು ಆಕಾಶದಾಗ ಓಡ್ಯಾಡೂದು ಛಲೋನ?" ಇದು ಅತ್ತೆ.

"ಓಡ್ಯಾಡೂದು ಹಡಗರಿ ಅತ್ತಿ. ಆಕಿ ನಿಂತಲ್ಲೇ ನಿಂತಿರ್ತಾಳ." ಇದು ಸೊಸೆ.

"ಹಡಗ ಕುಲುಕೂದುಲ್ಲೇನು?"

"ಸ್ಕೂಟಿಯಷ್ಟು ಕುಲುಕೂದುಲ್ರಿ." ಇದು ಮಾದೇವಿ. ಬೆಂಕಿ ಕಂಡಲ್ಲಿ ಎಣ್ಣೆ ಹಿಡಿದು ನಿಲ್ಲುವುದು ಆಕೆಯ ಹವ್ಯಾಸ.

ಒಂದು ಸಂಜೆ ಸುವರ್ಣಾ ನಮ್ಮ ಹಿತ್ತಲಿಗೆ ಕರಿಬೇವು ಬೇಡುವ ನೆವದಲ್ಲಿ ಬಂದಳು. (ಅವರ ಹಿತ್ತಲಲ್ಲಿ ನಮ್ಮದಕ್ಕಿಂತ ದೊಡ್ಡ ಕರಿಬೇವಿನ ಗಿಡವಿದೆ.) "ಅಕ್ಕಾರ, ಸುದ್ದಿ ನೀವ ಓದಿ ಹೇಳೂದಲ್ಲರಿ. ಕ್ಯಾಪ್ಟನಕ್ಕನ್ನ ಕೆಲಸದಾಗ ಇಟಗೊಂಡಾರ ಅಂತ ಹೇಳಿಬಿಡ್ರಿ. ನಿಮ್ಮ ಮಾತು ಅತ್ತಿ ನಂಬ್ತಾರ."

ನಂಬುತ್ತಾರೆ, ಅದೇ ತೊಂದರೆ. ಓಣಿಯಲ್ಲಿ ಇಂಗ್ಲಿಷ್ ಓದುವವಳು ನಾನೊಬ್ಬಳೇ ಎಂದಾಗ ಸುದ್ದಿಯ ಕೀಲಿ ನನ್ನ ಸೆರಗಿನಲ್ಲಿ ಇದ್ದಂತೆ. ಒಂದು ಸಣ್ಣ ಸುಳ್ಳು ಹೇಳಿದರೆ ಯಾರಿಗೆ ನಷ್ಟ? ಆದರೆ ಸೀಸನ್ ಶುರುವಾದ ದಿನ ಹಡಗದಲ್ಲಿ ಬೇರೆ ಮುಖ ಕಂಡರೆ? ಅವತ್ತಿನಿಂದ ಗಂಗಕ್ಕ ನನ್ನ ಮಾತನ್ನೂ ನಂಬುವುದಿಲ್ಲ, ಸುವರ್ಣಾಳ ಮಾತನ್ನೂ. "ಬಂದದ್ದನ್ನ ಬಂದಂಗ ಹೇಳ್ತೇನಿ ತಂಗಿ. ಆದ್ರ ಒಂದು ಸುದ್ದೀನೂ ಬಿಡೂದುಲ್ಲ" ಎಂದೆ. ಆಕೆಯ ಮುಖ ಸಪ್ಪಗಾಯಿತು. ಕರಿಬೇವು ಮರೆತು ಹೋದಳು.

ಬಂದದ್ದು ಬಂದಂತೆ ಹೇಳಬೇಕಾದ ಮೊದಲ ಸುದ್ದಿಯೇ ಕೆಟ್ಟದಿತ್ತು. ಕ್ಯಾಪ್ಟನ್ ಪಾತ್ರವನ್ನು ಕೊಲ್ಲುತ್ತಾರಂತೆ. ಹಡಗವನ್ನು ಇನ್ನು ಮುಂದೆ ಉಪನಾಯಕ ನಡೆಸುತ್ತಾನಂತೆ. ಖಚಿತವಲ್ಲ, ಗಾಳಿಸುದ್ದಿ. ಆದರೂ ಓದಿದೆ. ಸುವರ್ಣಾ ನನ್ನ ಕಡೆ ನೋಡಲಿಲ್ಲ.

ಗಂಗಕ್ಕ ಗೆದ್ದ ಖುಷಿಯಲ್ಲಿ ಇರಬೇಕಿತ್ತು, ಅಲ್ಲವೇ? ಇರಲಿಲ್ಲ. ಅವರ ಕೈ ಮೊರದ ಮೇಲೆ ನಿಂತಿತು.

"ಯಾರು? ಆ ಬೋಳ ತಲಿಯಂವ?"

"ಹೌದ್ರಿ."

"ಹೋದ ಸಲ ತಪ್ಪು ಬಾಗಲಾ ತೆರದು ಅರ್ಧಾ ಗಾಳಿ ಹೊರಗ ಬಿಟ್ಟಿದ್ನಲ್ಲ, ಅಂವ?"

"ಅಂವನ ರೀ."

"ಅಯ್ಯ ನಮ್ಮವ್ವ! ಅವನ ಕೈಯಾಗ ಹಡಗ ಕೊಟ್ರ ಅದರಾಗಿನ ಹುಡುಗ್ರ ಗತಿ ಏನಬೇ?"

ಆಗ ಸುವರ್ಣಾ ಬಾಯಿಬಿಟ್ಟಳು. ತಲೆ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. "ನನ್ನ ಜಾಗಾಕೂ ಯಾರರೆ ಬರ್ತಾರ್ರಿ ಅತ್ತಿ. ನಮ್ಮ ಐದನೇತ್ತಾ ಹುಡುಗ್ರು ಈಗರೆ ಭಾಗಾಕಾರ ಹಿಡದಾರ. ನಡುವ ಕೈ ಬಿಟ್ರ ಅವರ ಗತಿನೂ ಏನು?"

ಎಣ್ಣೆ ಹಿಡಿಯುವ ಮಾದೇವಿಯೂ ಶೇಂಗಾ ಸುಲಿಯತೊಡಗಿದಳು. ಗಂಗಕ್ಕ ಸುಲಿದ ಕಾಳನ್ನು ಮೊರದಲ್ಲಿ ಹಾಕಿಕೊಂಡು ಒಳಗೆ ಹೋದರು. ಅವತ್ತು ಟೀವಿ ಹಚ್ಚಲಿಲ್ಲ.

ನಾಲ್ಕಾರು ದಿನ ಕಳೆದ ಮೇಲೆ ಸೀರಿಯಲ್ಲು ಕಟ್ಟಿದ ಇಬ್ಬರು ಗೆಳತಿಯರ ಸಂದರ್ಶನ ಬಂತು. ಸೊಸೆ ಶಾಲೆಯಿಂದ ಬರುವವರೆಗೂ ಕಾಯದೆ ಗಂಗಕ್ಕ ನನ್ನನ್ನು ಕರೆದು ಕೂಡ್ರಿಸಿದರು. "ಓದವಾ. ಬಿಡದಂಗ ಓದು."

ಓದಿದೆ. ಕ್ಯಾಪ್ಟನ್ ಸಾಯುವುದಿಲ್ಲ, ನಟಿ ಎಲ್ಲಿಗೂ ಹೋಗುವುದಿಲ್ಲ. ಬಸುರಿಯಾಗಿಯೇ ಹಡಗ ನಡೆಸುತ್ತಾಳೆ. ಕಥೆಯನ್ನು ಅದಕ್ಕೆ ತಕ್ಕಂತೆ ತಿದ್ದಿದ್ದಾರೆ. ಓಡುವ, ಹಾರುವ, ಹೊಡೆದಾಡುವ ಕೆಲಸವನ್ನು ಉಳಿದವರಿಗೆ ಹಂಚಿದ್ದಾರೆ. ಇಲ್ಲಿಯವರೆಗೆ ಕ್ಯಾಪ್ಟನ್ ನಿಂತೇ ಆಜ್ಞೆ ಕೊಡುವುದು ಆ ನೌಕೆಯ ಪದ್ಧತಿಯಾಗಿತ್ತು. ಈಗ ಅಲ್ಲಿ ಒಂದು ಕುರ್ಚಿ ಹಾಕಿದ್ದಾರೆ.

ನಾನು ಕಣ್ಣು ತೇವ ಮಾಡಿಕೊಂಡು ಅವರ ಮುಖ ನೋಡಿದೆ. ಗಂಗಕ್ಕನ ಕಣ್ಣು ಒಣಗಿಯೇ ಇದ್ದವು. ಅವರಿಗೆ ವಿವರ ಬೇಕಿತ್ತು.

"ಕುರ್ಚಿಗೆ ಕೈ ಅದಾವೇನು?"

"ಕೈ?"

"ಹಿಡದು ಏಳಾಕ ಬೇಕಲ್ಲವಾ. ಹೊಟ್ಟಿ ಬಂದಾಕಿ ಕೈ ಇಲ್ಲದ ಕುರ್ಚಿ ಮ್ಯಾಲಿಂದ ಹೆಂಗ ಏಳ್ತಾಳ? ನೀ ಹಡದಿಲ್ಲೇನು?"

ಫೋಟೋ ದೊಡ್ಡದು ಮಾಡಿ ನೋಡಿದೆ. ಎರಡು ಕೈ ಇದ್ದವು, ಒಂದರ ಮೇಲೆ ಮೆತ್ತೆಯೂ ಇತ್ತು. ಎರಡು ಮಕ್ಕಳನ್ನು ಹೆತ್ತ ನನಗೆ ಈ ಪ್ರಶ್ನೆ ಯಾಕೆ ಹೊಳೆಯಲಿಲ್ಲ? ಪೇಜಿನಲ್ಲಿದ್ದ ಅಷ್ಟೊಂದು ಫ್ಯಾನುಗಳಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ, ಬಿಡಿ. ಅವರೆಲ್ಲ ಆ ಕುರ್ಚಿಯಿಂದ ಲೇಸರ್ ಹಾರುತ್ತದೆಯೇ ಎಂದು ಕೇಳುತ್ತಿದ್ದರು.

"ಅದಾವ್ರಿ" ಎಂದೆ. "ಹಾಂ" ಎಂದರು ಗಂಗಕ್ಕ. ಅಷ್ಟೇ.

ಮರುದಿನ ಸುವರ್ಣಾ ಶಾಲೆಗೆ ಹೋದ ಮೇಲೆ ಅವರ ಮನೆಯ ಮುಂದೆ ಒಂದು ಟಂಟಂ ಆಟೋ ನಿಂತಿತು. ಗಂಗಕ್ಕ ಇಳಕಲ್ ಸೀರೆಯ ಸೆರಗು ಬಿಗಿದುಕೊಂಡು ಹೊರಬಂದರು. ಹಿಂದೆ ಒಂದು ಕುರ್ಚಿ. ಅವರ ಯಜಮಾನರು ದಿನಾ ಪೇಪರ್ ಓದಲು ಕೂರುವ, ಎರಡು ಕೈ ಇರುವ ಕಟ್ಟಿಗೆಯ ಕುರ್ಚಿ. ಯಜಮಾನರು ಪೇಪರ್ ಹಿಡಿದುಕೊಂಡು ಬಾಗಿಲಲ್ಲಿ ನಿಂತೇ ಇದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ಶಾಲೆಯಲ್ಲಿ ನಡೆದದ್ದನ್ನು ಸುವರ್ಣಾ ಸಂಜೆ ನಮಗೆ ಹೇಳಿದಳು. ನಗುತ್ತ ಹೇಳಿದಳು, ನಡುನಡುವೆ ಕಣ್ಣೊರೆಸಿಕೊಂಡಳು. ಹೆಡ್ ಮಾಸ್ತರರು ಪಾಪ ಗಾಬರಿಯಾಗಿದ್ದರಂತೆ.

"ಏನ್ರಿ ಅಮ್ಮಾರ ಇದು?"

"ಕುರ್ಚಿ ರೀ ಸರ."

"ನಮ್ಮ ಸಾಲ್ಯಾಗ ಕುರ್ಚಿ ಅದಾವಲ್ರಿ?"

"ಅದಾವು. ಕೈ ಇಲ್ಲದವು ಅದಾವು. ಇದು ನನ್ನ ಸೊಸಿ ಕ್ಲಾಸಿನಾಗ ಇರ್ಲಿ. ಕುಂತ ಪಾಠ ಹೇಳ್ತಾಳ. ಬೋರ್ಡಿನ ಮ್ಯಾಲೆ ಬರಿಯೂದು ಹುಡುಗ್ರು ಪಾಳೀಲೆ ಬರೀಲಿ. ಮಹಡಿ ಮ್ಯಾಲಿನ ಕ್ಲಾಸು ಬ್ಯಾರೆದವರಿಗೆ ಕೊಡ್ರಿ. ಆಕಾಶದಾಗ ಹಡಗ ನಡಸೂವಾಕಿಗೆ ಇಷ್ಟು ಮಾಡ್ಯಾರ. ಭಾಗಾಕಾರ ಹೇಳೂವಾಕಿಗೆ ಮಾಡಾಕ ಏನು ಅಡ್ಡಿ ರೀ?"

ಯಾವ ಹಡಗ, ಯಾರು ನಡೆಸುತ್ತಾರೆ ಎಂದು ಮಾಸ್ತರರಿಗೆ ಇವತ್ತಿಗೂ ತಿಳಿದಿಲ್ಲ. ಆದರೆ ನಕ್ಕು ಒಪ್ಪಿದರಂತೆ. ಕುರ್ಚಿಯನ್ನು ಹೊತ್ತು ಕ್ಲಾಸಿನಲ್ಲಿ ಇಟ್ಟವರೂ ಅವರೇ. ಹುಡುಗರು ಚಪ್ಪಾಳೆ ತಟ್ಟಿದರಂತೆ.

ಗಂಗಕ್ಕ ಸೋತರು ಎಂದುಕೊಳ್ಳಬೇಡಿ. ಸ್ಕೂಟಿಯ ಕೀಲಿ ಅವರ ಎಲೆಯಡಿಕೆ ಸಂಚಿಯೊಳಗೆ ಸೇರಿದೆ. ಸುವರ್ಣಾ ಈಗ ಹೋಗಿಬರುವುದು ಟಂಟಂನಲ್ಲಿ. ಡ್ರೈವರ್‌ಗೆ ತಗ್ಗು ಬಂದಲ್ಲೆಲ್ಲ ನಿಧಾನ ಮಾಡುವಂತೆ ಕಟ್ಟಪ್ಪಣೆ. ತವರಿನವರು ಬಂದು ದೊಡ್ಡ ಕುಬಸ ಮಾಡುವವರೆಗೆ ಶಾಲೆ, ಆಮೇಲೆ ಮನೆ. ಇಬ್ಬರಿಗೂ ಒಪ್ಪಿಗೆ.

ಇರಲಿ. ಮೊನ್ನೆ ಫ್ಯಾನ್ ಪೇಜಿನವರು ಒಂದು ಪ್ರಕಟಣೆ ಹಾಕಿದ್ದರು. ಅಭಿಮಾನಿಗಳು ಪ್ರಶ್ನೆ ಕಳಿಸಬಹುದು, ಆಯ್ದ ಪ್ರಶ್ನೆಗಳಿಗೆ ಸೀರಿಯಲ್ಲು ಕಟ್ಟಿದ ಗೆಳತಿಯರೇ ಉತ್ತರಿಸುತ್ತಾರೆ ಎಂದು. ಎಂಟನೇ ಚಂದ್ರನ ಗುಟ್ಟೇನು, ಯಂತ್ರದ ಗೊಂಬೆ ಯಾರು, ಹೀಗೆ ಪ್ರಶ್ನೆಗಳು ಬಂದು ಬೀಳುತ್ತಿದ್ದವು. ಕಟ್ಟೆಯ ಮೇಲೆ ಓದಿ ಹೇಳಿದೆ. ಮಾದೇವಿ, ಆ ಜೀವಿಗಳಿಗೆ ನಮ್ಮ ಕಡೆ ಭಾಷೆ ಕಲಿಸಲು ಹೇಳೆಂದಳು.

ಗಂಗಕ್ಕ ಸೊಸೆಯನ್ನು ಕೇಳಿದರು. "ಹಡದ ಮ್ಯಾಲೆ ನಿಮ್ಮ ಸಾಲ್ಯಾಗ ಏನು ಮಾಡ್ತಾರ? ತಿರಗಿ ಕರೀತಾರಿಲ್ಲೊ?"

"ಗೊತ್ತಿಲ್ರಿ ಅತ್ತಿ. ಬಂದವರು ಬಂದಿರ್ತಾರ. ಕರದರ ಕರೀಬಹುದು."

"ಕರದರ ಅಂದ್ರ?"

"ಅದು ಅವರ ಮರ್ಜಿ ರೀ."

ಗಂಗಕ್ಕ ನನ್ನ ಕಡೆ ತಿರುಗಿದರು. "ನಂದೂ ಒಂದು ಪ್ರಶ್ನಿ ಐತಿ. ಬರಕೋ."

ಅವರು ಹೇಳಿದರು. ಒಂದಕ್ಷರ ಬದಲಿಸದೆ ಇಂಗ್ಲಿಷಿಗೆ ತಿರುಗಿಸಿದೆ. ಗಂಗಕ್ಕ, ಗುಡಗೇರಿ ಎಂದು ಹಾಕಿ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ. ಸೀರಿಯಲ್ಲಿನವರಿಗೆ ನೂರು ಕೆಲಸವಿರುತ್ತದೆ, ಕಾಯೋಣ. ಆದರೆ ಈ ಪ್ರಶ್ನೆಗೆ ಉತ್ತರಿಸಬೇಕಾದವರು ಅವರಷ್ಟೇ ಅಲ್ಲ. ಅದಕ್ಕೇ ಗಂಗಕ್ಕನ ಮಾತನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಇಲ್ಲಿಯೂ ಇಡುತ್ತಿದ್ದೇನೆ:

"ಬಾಣಂತನ ಮುಗಿಸಿ ಬಂದ ಮ್ಯಾಲೆ ಆಕಿ ಹಡಗ ಆಕಿಗೇ ಕೊಡ್ತೀರಿಲ್ಲೊ?"