ಮೊದಲು ಮಲಗಿದ ಗಾಡಿ

ನನಗೂ ನನ್ನ ಗೆಳೆಯನಿಗೂ ಒಂದು ಕರಾರು ಇತ್ತು. ಇಬ್ಬರದೂ ಒಂದೇ ಮಾಡೆಲ್ಲಿನ ಪುಟ್ಟ ಹಳೆ ಕಾರು. ಕಂಪನಿ ಆ ಮಾಡೆಲ್ ನಿಲ್ಲಿಸಿ ಎಷ್ಟೋ ವರ್ಷವಾಗಿದೆ, ಬಿಡಿಭಾಗ ಸಿಗುವುದೇ ಕಷ್ಟ. “ಯಾರ್ ಗಾಡಿ ಮೊದ್ಲ್ ಮಲ್ಗತ್ತೋ, ಅದ್ರ್ ಸಾಮಾನೆಲ್ಲ ಇನ್ನೊಬ್ನಿಗೆ” ಎಂದು ಅವನೇ ಹೇಳಿದ್ದ. ಹಂಗಾರಕಟ್ಟೆಯ ನಮ್ಮ ಮನೆಯಂಗಳದಲ್ಲಿ, ಇಬ್ಬರೂ ನನ್ನ ಗಾಡಿಯ ಅಡಿಯಲ್ಲಿ ಅಂಗಾತ ಮಲಗಿದ್ದಾಗ ಹೇಳಿದ ಮಾತದು. ಮುಖಕ್ಕೆ ಆಯಿಲ್ ತೊಟ್ಟಿಕ್ಕುತ್ತಿರುವಾಗ ಯಾರೂ ಸುಳ್ಳು ಹೇಳಲಾರರು ಅಂದುಕೊಂಡಿದ್ದೆ. ನನ್ನ ದಡ್ಡತನ.

ನಾವೇನು ಮೆಕ್ಯಾನಿಕರಲ್ಲ. ಅವನಿಗೆ ಬಸ್ರೂರಿನಲ್ಲಿ ದಿನಸಿ ಅಂಗಡಿ, ನನಗೆ ಬಲೆ, ಹಗ್ಗಗಳ ವ್ಯಾಪಾರ. ಆದರೆ ಗಾಡಿಯನ್ನು ಗ್ಯಾರೇಜಿಗೆ ಬಿಡುವುದೆಂದರೆ ಇಬ್ಬರಿಗೂ ಅವಮಾನ. ಭಾನುವಾರ ಬಂತೆಂದರೆ ಒಂದೋ ನನ್ನ ಅಂಗಳ, ಇಲ್ಲವೇ ಅವನದು. ಉಪ್ಪುಗಾಳಿ ತಿಂದ ಬೋಲ್ಟು ಬಿಚ್ಚುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. “ನಿಮ್ಗಿಬ್ರಿಗೂ ಈ ಗಾಡಿ ಒಟ್ಟಿಗೇ ಮದಿ ಮಾಡ್ಕಿತ್ತ್” ಎಂದು ಗಾಡಿಯ ಜೊತೆ ಮದುವೆಯ ಮಾತೆತ್ತಿ ಬೈಯುತ್ತಲೇ ನನ್ನ ಹೆಂಡತಿ ಚಾ ತಂದಿಡುತ್ತಿದ್ದಳು.

ಹೋದ ವರ್ಷ ಮಳೆಗಾಲ ಮುಗಿಯುತ್ತಲೇ ನನ್ನ ಗಾಡಿಯ ಸ್ಟೀರಿಂಗ್ ರ‍್ಯಾಕ್ ಕೈಕೊಟ್ಟಿತು. ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಹಲ್ಲಿನ ಸರಳು ಅದು. ಹಲ್ಲು ಸವೆದು, ಸ್ಟೀರಿಂಗ್ ಕಾಲು ಸುತ್ತು ತಿರುಗಿದರೂ ಚಕ್ರ ಕದಲುತ್ತಿರಲಿಲ್ಲ. ತಿಂಗಳ ಕೊನೆಗೆ ರಿಜಿಸ್ಟ್ರೇಷನ್ ನವೀಕರಣದ ತಪಾಸಣೆ ಬೇರೆ ಇತ್ತು. ಅದರಲ್ಲಿ ನಪಾಸಾದರೆ ಗಾಡಿ ಗುಜರಿಗೇ. ಅದರ ಒಂದೊಂದು ಬೋಲ್ಟನ್ನೂ ನಾನು ಕನಿಷ್ಠ ಎರಡು ಸಲ ಬಿಚ್ಚಿ ಕೂಡಿಸಿದ್ದೆ. ಅದನ್ನು ತೂಕಕ್ಕೆ ಹಾಕಲು ನಾನು ತಯಾರಿರಲಿಲ್ಲ.

ಗೆಳೆಯನಿಗೆ ಹೇಳಿದೆ. ಅವನ ಗಾಡಿ ಹೆಂಡತಿಯ ತವರಿನಲ್ಲಿ ಟಾರ್ಪಾಲು ಹೊದ್ದು ನಿಂತಿದೆ, ಚೆನ್ನಾಗಿ ಓಡುತ್ತಿದೆ ಅಂದಿದ್ದ. ಓಡುವ ಗಾಡಿಯ ಸಾಮಾನು ಕೇಳುವಷ್ಟು ಮರ್ಯಾದೆಗೆಟ್ಟವನಲ್ಲ ನಾನು. ಅವನೋ ಅಂಗಡಿಯನ್ನು ಹೆಂಡತಿಗೆ ವಹಿಸಿ, ಒಂದು ವಾರ ನನ್ನ ಸ್ಕೂಟರಿನ ಹಿಂದೆ ಕೂತು ಬಂದ. ಬ್ರಹ್ಮಾವರ, ಸಾಸ್ತಾನ, ಕುಂದಾಪುರ, ಎಲ್ಲ ಕಡೆಯೂ ಒಂದೇ ಉತ್ತರ: “ಆ ಗಾಡಿ ಸಾಮಾನ್ ಈಗ ಬತ್ತಿಲ್ಲೆ.”

“ಬೈಂದೂರಗೆ ಒಂದ್ ಗುಜರಿ ಇತ್ತಂಬ್ರಲೆ?” ಎಂದು ನಾನು ಕೇಳಿದೆ.

“ಅಲ್ಲೆಂತ ಇತ್ತ್ ಮಾರಾಯ, ಬರೀ ತುಕ್ಕ್. ಅಷ್ಟ್ ದೂರ ಹೋಪುದ್ ದಂಡ” ಎಂದ.

ಎರಡು ದಿನ ಬಿಟ್ಟು, ಬೇರೆ ದಾರಿ ಕಾಣದೆ ನಾನೊಬ್ಬನೇ ಬೈಂದೂರಿಗೆ ಹೋದೆ. ಗುಜರಿಯ ಹಿಂಬದಿಯಲ್ಲಿ ಅದೇ ಮಾಡೆಲ್ಲಿನ ಗಾಡಿ ನಿಂತಿತ್ತು, ನಂಬರ್ ಪ್ಲೇಟ್ ಇರಲಿಲ್ಲ. ಖುಷಿಯಿಂದ ಬಾನೆಟ್ ಎತ್ತಿದೆ. ಬ್ಯಾಟರಿಯನ್ನು ಬಲೆಯ ನೈಲಾನ್ ಹುರಿಯಿಂದ ಬಿಗಿದು ಕಟ್ಟಿತ್ತು. ಎರಡು ಸುತ್ತು ಸುತ್ತಿ ತುದಿಯನ್ನು ಒಳಗೆ ತೂರಿಸಿದ ಗಂಟು, ನನ್ನಪ್ಪ ನನಗೆ ಕಲಿಸಿದ್ದು. ಕಟ್ಟಿದವನು ನಾನೇ, ಗೆಳೆಯನ ಅಂಗಳದಲ್ಲಿ.

“ಅದ್ ಬಂದ್ ಎರ್ಡ್ ತಿಂಗ್ಳಾಯ್ತ್” ಎಂದ ಗುಜರಿಯವನು. “ಬಸ್ರೂರ್ ಬದಿಯವ್ರ್ ಕೊಟ್ಟದ್. ಇಡೀ ಗಾಡಿ ಆರೆ ಮಾತ್ರ ತಕಂತೆ ಅಂದೆ. ಒಂದ್ ಸಾಮಾನೂ ಬಿಚ್ದೆ ಕೊಟ್ರ್.”

ಮಾರಿದ್ದನ್ನು ನಾನು ಕ್ಷಮಿಸುತ್ತಿದ್ದೆ. ನನ್ನ ರ‍್ಯಾಕ್ ಕೆಡುವ ಮೊದಲೇ ಮಾರಿದ್ದ, ಏನೋ ಕಷ್ಟ ಇದ್ದಿರಬಹುದು. ಆದರೆ ಆ ಒಂದು ವಾರ? ಸಿಗದ ಕಡೆಗೆಲ್ಲ ನನ್ನ ಜೊತೆ ಬಂದು, ಸಿಗುವ ಜಾಗವೊಂದನ್ನೇ ತಪ್ಪಿಸಿದ್ದ. ನಾನೇ ಸ್ಪ್ಯಾನರ್ ಹಿಡಿದು ರ‍್ಯಾಕ್ ಬಿಚ್ಚಿ ಮನೆಗೆ ತಂದೆ.

ಮರುದಿನ ಬೆಳಿಗ್ಗೆ ಅವನ ಫೋನು. “ಹೋಪನಾ? ಕೋಟದಗೆ ಒಂದ್ ಅಂಗಡಿ ಇತ್ತಂಬ್ರ್.”

“ಬತ್ತೆ” ಎಂದೆ. ಯಾಕೆ ಹಾಗೆಂದೆನೋ, ಇವತ್ತಿಗೂ ಸರಿಯಾಗಿ ಹೇಳಲಾರೆ. ದಾರಿಯಲ್ಲಿ ಎಲ್ಲಾದರೂ ಅವನೇ ಬಾಯಿ ಬಿಡಲಿ ಎಂಬ ಆಸೆ ಇತ್ತು. ಮನೆಯಲ್ಲಿ ಗೋಣಿಚೀಲದೊಳಗಿದ್ದ ಸಾಮಾನನ್ನು ದಿನವಿಡೀ ಅಂಗಡಿ ಅಂಗಡಿಯಲ್ಲಿ ಕೇಳಿದೆವು. ನನ್ನ ಮನಸ್ಸು ಸತ್ತಿತ್ತು, ಹೆಚ್ಚಾಗಿ ಅವನೇ ಕೇಳಿದ. ಎಷ್ಟು ಕಾಳಜಿಯಿಂದ! ರ‍್ಯಾಕಿನ ಉದ್ದವನ್ನು ಕೈಯಗಲಿಸಿ ತೋರಿಸಿ, “ಪಾಪ, ಇವ್ನಿಗೆ ಅರ್ಜೆಂಟ್ ಇತ್ತ್” ಎನ್ನುತ್ತಿದ್ದ. ಗೊತ್ತಿದ್ದೂ ನಾನು ಅರೆಗಳಿಗೆ ನಂಬಿಬಿಟ್ಟೆ. ಹಿಂದಿನ ವಾರ ನಂಬಿದ್ದರಲ್ಲಿ ಆಶ್ಚರ್ಯವೇನು?

ಸಂಜೆ ಬಸ್ರೂರಿನಲ್ಲಿ ಅವನನ್ನು ಇಳಿಸಿ, “ಸಾಮಾನ್ ಸಿಕ್ಕಿತ್” ಎಂದೆ.

“ಎಲ್ಲ್?”

“ನಿನ್ ಗಾಡಿಯಗೆ. ನಿನ್ನೆ.”

ತಲೆ ತಗ್ಗಿಸುತ್ತಾನೆ, ಇಲ್ಲ ಕೈ ಹಿಡಿಯುತ್ತಾನೆ ಎಂದು ಕಾದೆ. ಅವನ ಮುಖ ಕೆಂಪಾಯಿತು.

“ನಿನ್ನೆಯೇ ಗೊತ್ತಿತ್ತಾ? ಹಂಗಾರೆ ಬೆಳಿಗ್ಗಿಂದ ನನ್ನ ಆಟ ಆಡ್ಸ್ತಿದ್ದೆ ಅಲ್ದಾ? ಇಷ್ಟ್ ವರ್ಷದ ದೋಸ್ತಿಗೆ ಹೀಂಗೆ ಮೋಸ ಮಾಡುದಾ?”

ನಟನೆಯಲ್ಲ, ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ತಿರುಗಿಯೂ ನೋಡದೆ ಅಂಗಡಿಯೊಳಗೆ ಹೋದ.

ನನ್ನ ಗಾಡಿ ತಪಾಸಣೆಯಲ್ಲಿ ಪಾಸಾಯಿತು. ದಿನವಿಡೀ ನಾನು ಅವನನ್ನು ಸುಳ್ಳೇ ಸುತ್ತಾಡಿಸಿದೆನೆಂದು ಅವನು ಊರಿಡೀ ಹೇಳಿಕೊಂಡು ತಿರುಗುತ್ತಿದ್ದಾನೆ. ಇಲ್ಲವೆಂದು ನಾನು ಹೇಳುವ ಹಾಗೂ ಇಲ್ಲ.