ಎರಡೇ ಗೆರೆಯ ವಿಭೂತಿ

ನಮ್ಮ ಕಾಲೇಜಿನ ನಲವತ್ತೆರಡು ಸೆನ್ಸರ್ ಪೆಟ್ಟಿಗೆಗಳಿಗೆ ವಿಭೂತಿ ಹಚ್ಚಿದವನು ಸಾಬಣ್ಣ ಅಲ್ಲ — ನಾನು. ಆರು ವರ್ಷದಿಂದ ಈ ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. ನುಂಗಲೂ ಆಗಿಲ್ಲ, ಉಗುಳಲೂ ಆಗಿಲ್ಲ. ಕೇಳಿದವರು ನಗುತ್ತೀರಿ, ನಗಿ, ನಗುವಂಥದ್ದೇ ಇದೆ. ಆದರೆ ನಕ್ಕು ಮುಗಿದ ಮೇಲೆ ಸಾಬಣ್ಣನ ಕೀಲಿಗೊಂಚಲು ಎಲ್ಲಿ ಹೋಯಿತು ಎಂದೂ ಒಂದು ಸಲ ಕೇಳಿ.

ಸುರಪುರದ ಗುಡ್ಡದ ಬಗಲಿಗಿರುವ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಸಾಬಣ್ಣ ಅಲ್ಲಿಯ ಜವಾನ, ನನಗಿಂತ ಹದಿನೈದು ವರ್ಷ ದೊಡ್ಡವನು. ಮೂರು ಕಟ್ಟಡಗಳ ಕೀಲಿಗೊಂಚಲು ಅವನ ಸೊಂಟದಲ್ಲಿ. ಸಂಜೆ ಐದಾಯಿತೆಂದರೆ ಗೊಂಚಲು ಝಣಝಣ ಎನ್ನಿಸುತ್ತ ಕೋಣೆಕೋಣೆಗೆ ಹೋಗಿ, ದೀಪ ಆರಿಸಿ, ಫ್ಯಾನ್ ನಿಲ್ಲಿಸಿ, ಆರಿದ ಸ್ವಿಚ್ಚನ್ನೂ ಒಮ್ಮೆ ಮುಟ್ಟಿ ನೋಡುತ್ತಿದ್ದ. ಇಪ್ಪತ್ತೆರಡು ವರ್ಷ ಇದನ್ನು ಮಾಡಿದ್ದ. ಅದು ಅವನ ಕೆಲಸ ಮಾತ್ರವಲ್ಲ, ಅವನ ಹೆಮ್ಮೆ.

ಅಂಥವನ ಮೇಲೆ ನಾನು ಪೆಟ್ಟಿಗೆಗಳನ್ನು ತಂದೆ. ಸಾಬೂನಿನಷ್ಟು ದೊಡ್ಡವು, ಬಿಳಿಯವು. ಮುಂದೆ ಒಂದು ಕಪ್ಪು ಕಣ್ಣು. ವೈರಿಲ್ಲ. ಗೋಡೆಗೆ ಹಚ್ಚಿದರೆ ಸಾಕು, ಕೋಣೆಯಲ್ಲಿ ಬೆಳಕೆಷ್ಟು, ಸೆಖೆಯೆಷ್ಟು, ಜನರಿದ್ದಾರೋ ಇಲ್ಲವೋ ಎಂದು ಒಂದಕ್ಕೊಂದು ಗಾಳಿಯಲ್ಲೇ ಹೇಳಿಕೊಳ್ಳುತ್ತ, ಕಡೆಗೆ ನನ್ನ ಕೋಣೆಯ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತಿದ್ದವು. ಕತ್ತಲಿದ್ದರೆ ದೀಪ ತಾನೇ ಹೊತ್ತಬೇಕು, ಬೆಳಕಿದ್ದರೆ ಆರಬೇಕು. ಉಳಿತಾಯ ಆಗುತ್ತಿರುವ ಕೋಣೆ ಪರದೆಯ ಮೇಲೆ ಹಸಿರು, ದಂಡವಾಗುತ್ತಿರುವುದು ಕೆಂಪು.

ಸಾಬಣ್ಣ ಏಣಿ ಹಿಡಿದು ನಿಂತು ಕೇಳಿದ: "ಅಂದ್ರ ಸಾಹೇಬ್ರ, ನಾ ತಿರಿಗ್ಯಾಡಿ ಮಾಡೂದು ಇವು ಕುಂತಲ್ಲೇ ಮಾಡ್ತಾವೇನ್ರಿ?"

"ಹೌದು."

"ಪಗಾರ ಇಲ್ದ?"

"ಪಗಾರ ಇಲ್ದ."

"ಹಂಗಾದ್ರ ಭಾಳ ದಿನಾ ಮಾಡಂಗಿಲ್ಲ ಬಿಡ್ರಿ," ಎಂದ.

ಅವನ ಬಾಯಿ ಹರಕೆಯೋ ಏನೋ — ಪೆಟ್ಟಿಗೆಗಳು ಪದೇ ಪದೇ ಕೈಕೊಟ್ಟವು. ರಸಾಯನಶಾಸ್ತ್ರದ ಮೌಖಿಕ ಪರೀಕ್ಷೆಯ ದಿನ ಮಕ್ಕಳು ಹೆದರಿ ಅಲುಗಾಡದೆ ಕೂತಿದ್ದರು. ಪೆಟ್ಟಿಗೆ 'ಕೋಣೆ ಖಾಲಿ' ಎಂದು ವರದಿ ಮಾಡಿ ಫ್ಯಾನ್ ನಿಲ್ಲಿಸಿತು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಿರಬೇಕು. ಉತ್ತರ ಗೊತ್ತಿದ್ದ ಹುಡುಗರೂ ಅಂದು ಬೆವರಿದರು. ಇನ್ನೊಂದು ದಿನ ಗ್ರಂಥಾಲಯದಲ್ಲಿ ಓದುವವರು ಫ್ಯಾನ್ ನಿಲ್ಲಬಾರದೆಂದು ಹತ್ತು ನಿಮಿಷಕ್ಕೊಮ್ಮೆ ಎದ್ದು ಎರಡೂ ಕೈ ಬೀಸಿ ಕೂರುತ್ತಿದ್ದರು. ಅಷ್ಟರಲ್ಲಿ ಹೊರಗಿನ ತಜ್ಞರ ಸಮಿತಿ ನಮ್ಮ ವ್ಯವಸ್ಥೆಯನ್ನು ನೋಡಲು ಬರುತ್ತದೆಂದು ಪತ್ರ ಬಂತು — ದಸರೆ ಸೂಟಿ ಮುಗಿದ ಮರುದಿನ.

ಇನ್ನೊಂದು ಮಾತು ಮುಚ್ಚಿಡಲಾರೆ. ನಾನು ವೈಚಾರಿಕ ಮನುಷ್ಯ. ಅಂದರೆ — ಹಾಗೆಂದು ಊರಿಗೆಲ್ಲ ಹೇಳಿಕೊಂಡವನು. ದಸರೆಯ ಆಯುಧಪೂಜೆಗೆ, ಅಂದರೆ ನಮ್ಮ ಕಡೆಯ ಖಂಡೇಪೂಜೆಗೆ, ನಾಲ್ಕು ದಿನ ಮುಂಚೆ ನಾನೇ ಒಂದು ಸುತ್ತೋಲೆ ಬರೆದೆ: 'ಉಪಕರಣಗಳಿಗೆ ವಿಭೂತಿ, ಕುಂಕುಮ, ಹೂವು, ಲಿಂಬೆಹಣ್ಣು ಇತ್ಯಾದಿ ಹಚ್ಚತಕ್ಕದ್ದಲ್ಲ. ಇದು ಮೂಢನಂಬಿಕೆ.' ಎಲ್ಲರೆದುರು ಓದಿಯೂ ಹೇಳಿದೆ. ಹಿಂದಿನಿಂದ ಸಾಬಣ್ಣ, "ಲಿಂಬಿಹಣ್ಣು ಹಚ್ಚೂದಲ್ರಿ ಸಾಹೇಬ್ರ, ಕಟ್ಟೂದು," ಎಂದ. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು — ಆ ಸಿಟ್ಟೂ ಮುಂದೆ ನಡೆದದ್ದರಲ್ಲಿ ಇತ್ತೇನೋ, ಈಗ ಹೇಳಲಾರೆ.

ಅದೇ ವಾರ ಕಡೆಯ ಪೆಟ್ಟಿಗೆ ಕೂರಿಸುವಾಗ ಡ್ರಿಲ್ ಜಾರಿ ನನ್ನ ಬಲಗೈಯ ನಡುಬೆರಳು ಸೀಳಿತು. ಸಾಬಣ್ಣನೇ ಓಡಿಹೋಗಿ ಕ್ಯಾಂಟೀನಿನಿಂದ ಅರಿಷಿಣ ತಂದು, ತನ್ನ ಹೆಗಲ ಟವೆಲ್ಲಿನ ಅಂಚು ಹರಿದು ಪಟ್ಟಿ ಕಟ್ಟಿದ. ಬದನೆಕಾಯಿಯಷ್ಟು ದಪ್ಪ ಕಟ್ಟಿದ್ದ.

ಖಂಡೇಪೂಜೆಯ ದಿನ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರಗಳಿಗೆ ಎಂದಿನಂತೆ ಪೂಜೆಯಾಯಿತು. ಅವು ಹಳೆಯವು, ನನ್ನ ಸುತ್ತೋಲೆಗೆ ಸೊಪ್ಪು ಹಾಕುವಂಥವಲ್ಲ. ಎಲ್ಲರೂ ಹೋಳಿಗೆ ಊಟಕ್ಕೆ ಹೋದರು. ನಾನೊಬ್ಬನೇ ಪರದೆಯ ಮುಂದೆ ಕೂತಿದ್ದೆ. ಆಗ ಶಹಾಪುರದಿಂದ ಅವ್ವನ ಫೋನು ಬಂತು.

"ನಲವತ್ತೆರಡು ಮಷೀನು ತಂದೀಯಂತಲ್ಲೋ. ಪೂಜಿ ಆಯ್ತೇನು?"

"ಇಲ್ಲವ್ವ. ಅದೆಲ್ಲಾ ಬ್ಯಾಡ."

"ಇಲ್ಲಿ ಕುಡಗೋಲಿಗೆ ಆಗ್ಯಾದ, ಹಾರಿಗೆ ಆಗ್ಯಾದ, ಮುರುಕು ಸೈಕಲ್ಲಿಗೂ ಆಗ್ಯಾದ. ನಿನ್ನ ಮಷೀನು ಏನ್ ಪಾಪ ಮಾಡ್ಯಾವ?"

ಫೋನ್ ಇಟ್ಟೆ. ಪರದೆ ನೋಡಿದೆ — ಹನ್ನೊಂದು ಕೋಣೆ ಸುಮ್ಮಸುಮ್ಮನೆ ಕೆಂಪು. ಸಮಿತಿ ಬರಲು ಎರಡೇ ದಿನ. ವರ್ಕ್‌ಶಾಪಿನಲ್ಲಿ ಪೂಜೆಯ ತಾಟು ಹಾಗೇ ಇತ್ತು. ನನ್ನ ಕೋಣೆಯ ಪೆಟ್ಟಿಗೆಗೆ ಒಂದಕ್ಕೆ ಮಾತ್ರ, ತೆಳ್ಳಗೆ, ಯಾರಿಗೂ ಕಾಣದ ಹಾಗೆ — ಅಂದುಕೊಂಡು ಶುರು ಮಾಡಿದೆ. ಒಂದಕ್ಕೆ ಹಚ್ಚಿ ಪಕ್ಕದ್ದಕ್ಕೆ ಬಿಡುವುದು ಹೇಗೆ? ಅದು ಬೇಜಾರು ಮಾಡಿಕೊಂಡರೆ? ಎಂ.ಟೆಕ್. ಓದಿದವನು ನಾನು, ಏಣಿ ಹೊತ್ತುಕೊಂಡು ಮೂರು ಕಟ್ಟಡ ಸುತ್ತಿದೆ. ನಡುಬೆರಳಿಗೆ ಪಟ್ಟಿ ಇದ್ದುದರಿಂದ ಮೂರು ಗೆರೆ ಎಳೆಯಲು ಬರಲಿಲ್ಲ. ಮೇಲೊಂದು, ಕೆಳಗೊಂದು, ಎರಡೇ ಗೆರೆ. ನಡುವೆ ಬಿಟ್ಟ ಜಾಗ ಬಣಗುಟ್ಟಿತು. ಅಲ್ಲೊಂದು ದಪ್ಪ ಕುಂಕುಮದ ಬೊಟ್ಟು ಇಟ್ಟೆ. ಪೆಟ್ಟಿಗೆಯ ಕಣ್ಣು ಸರಿಯಾಗಿ ಅಲ್ಲೇ ಇರುತ್ತದೆಂದು ಪಾಠ ಮಾಡುವ ನನಗೆ, ಆ ಹೊತ್ತಿನಲ್ಲಿ ಅದು ನೆನಪೇ ಆಗಲಿಲ್ಲ. ಕೈ ಮುಗಿದೆ ಕೂಡ. ನಲವತ್ತೆರಡು ಸಲ.

ಸಮಿತಿಯವರನ್ನು ಕರೆತರಲು ಯಾದಗಿರಿ ಸ್ಟೇಷನ್ನಿಗೆ ನಾನೇ ಹೋಗಿದ್ದೆ. ದಾರಿಯುದ್ದಕ್ಕೂ ಜೀಪಿನಲ್ಲಿ ನಮ್ಮ ಉಳಿತಾಯದ ವರ್ಣನೆ ಮಾಡಿದೆ. ಹನ್ನೊಂದು ಗಂಟೆಗೆ ಕಾಲೇಜು ಮುಟ್ಟಿದರೆ, ಸುಡುಬಿಸಿಲಿನಲ್ಲಿ ಮೂರೂ ಕಟ್ಟಡಗಳ ಒಂದೊಂದು ದೀಪವೂ ಧಗಧಗ ಉರಿಯುತ್ತಿದೆ. ಕಣ್ಣಿಗೆ ಕುಂಕುಮ ಬಿದ್ದ ಪೆಟ್ಟಿಗೆಗಳಿಗೆ ಜಗತ್ತೆಲ್ಲ ಅಮಾವಾಸ್ಯೆ. ಪರದೆಯ ಮೇಲೆ ನಲವತ್ತೆರಡಕ್ಕೆ ನಲವತ್ತೆರಡೂ ಕೆಂಪು.

ಸಮಿತಿಯ ಹಿರಿಯರು ಕತ್ತೆತ್ತಿ ಒಂದು ಪೆಟ್ಟಿಗೆ ನೋಡಿದರು. ಎಲ್ಲರೂ ಕತ್ತೆತ್ತಿದೆವು.

"ಯಾರು ಮಾಡಿದ್ದು ಇದನ್ನ?" ಪ್ರಾಂಶುಪಾಲರು ಕೇಳಿದರು.

ಎಲ್ಲರ ಕಣ್ಣು ಸಾಬಣ್ಣನ ಹಣೆಯತ್ತ ಹೋಯಿತು. ವರ್ಷಕ್ಕೊಮ್ಮೆ ಅಬ್ಬೆತುಮಕೂರಿನ ಮಠಕ್ಕೆ ನಡೆದು ಹೋಗುವವನು, ಹಣೆಗೆ ಮೂರು ಗೆರೆ ಇಲ್ಲದೆ ಚಹಾ ಕುಡಿಯದವನು. ಸಾಬಣ್ಣ ಪೆಟ್ಟಿಗೆಯನ್ನು ನೋಡಿದ. ಆಮೇಲೆ ನನ್ನ ಬಲಗೈ ನೋಡಿದ. ನಾನು ಕೈಯನ್ನು ಜೇಬಿಗೆ ಹಾಕಿಕೊಂಡೆ.

"ಹೌದ್ರಿ. ನಾನೇ ಹಚ್ಚೀನ್ರಿ," ಎಂದ ಸಾಬಣ್ಣ.

ಅಲ್ಲಿಗೆ — ಅಲ್ಲಿಗೆ ನಾನು ಬಾಯಿ ತೆರೆಯಬೇಕಿತ್ತು. ಒಂದೇ ಮಾತು. ನಾನು ಮಾಡಿದ್ದೇನೆಂದರೆ ತಲೆ ಅಲ್ಲಾಡಿಸಿ, ಸಮಿತಿಯವರ ಕಡೆ ತಿರುಗಿ, "ಸುತ್ತೋಲೆ ಹೊರಡಿಸಿದ್ದೆ ಸರ್," ಎಂದೆ.

ಸಮಿತಿಯವರು ನಕ್ಕು, ಅರಿವು ಮೂಡಿಸಬೇಕೆಂದು ಬರೆದು ಹೋದರು. ಸಾಬಣ್ಣನೇ ಒದ್ದೆ ಬಟ್ಟೆ ಹಿಡಿದು ನಲವತ್ತೆರಡೂ ಪೆಟ್ಟಿಗೆ ಒರೆಸಿದ. ಸಂಜೆ ಪ್ರಾಂಶುಪಾಲರು ಎಲ್ಲರೆದುರು ಅವನ ಸೊಂಟದ ಕೀಲಿಗೊಂಚಲು ಬಿಚ್ಚಿಸಿಕೊಂಡು, "ನಾಳಿಂದ ನೀ ಗೇಟಿನ ಹತ್ರ ಇರು, ಒಳಗ ಬರಬ್ಯಾಡ," ಎಂದರು. ಅವನು ನಡೆದುಹೋದಾಗ ಸದ್ದೇ ಇರಲಿಲ್ಲ. ಆ ಸದ್ದಿಲ್ಲದ ನಡಿಗೆ ನನಗೆ ಇಂದಿಗೂ ಕೇಳಿಸುತ್ತದೆ.

ನನ್ನ ತಪ್ಪು ಇಲ್ಲಿಗೇ ನಿಂತಿದ್ದರೆ ಇಷ್ಟು ನಾಚಿಕೆ ಇರುತ್ತಿರಲಿಲ್ಲ. ನಾನು ಅದರ ಮೇಲೆ ಪ್ರಬಂಧ ಬರೆದೆ! 'ಬಳಕೆದಾರರ ಮೂಢನಂಬಿಕೆಯಿಂದ ಸೆನ್ಸರ್ ಜಾಲಕ್ಕಾಗುವ ತೊಂದರೆ' ಎಂದು. ಸಾಬಣ್ಣ ಅದರಲ್ಲಿ 'ತರಬೇತಿಯಿಲ್ಲದ ಒಬ್ಬ ನೌಕರ'. ಕಲಬುರಗಿಯ ವಿಚಾರ ಸಂಕಿರಣದಲ್ಲಿ ಪೆಟ್ಟಿಗೆಯ ಫೋಟೋ ತೋರಿಸಿ ಓದಿದೆ. ಮುಂದಿನ ಸಾಲಿನಿಂದ ಮುದುಕರೊಬ್ಬರು, "ವಿಭೂತಿ ಮೂರು ಗೆರಿ ಇರಬೇಕಲ್ರಿ, ಎರಡೇ ಅವ?" ಎಂದರು. "ಅವಸರದಾಗ ಹಚ್ಚಿರಬೇಕ್ರಿ," ಎಂದೆ. ಪ್ರಮಾಣಪತ್ರ ಕೊಟ್ಟರು. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ.

ಸಾಬಣ್ಣ ಗೇಟಿನ ಹತ್ತಿರದ ತಗಡಿನ ಗೂಡಿನಲ್ಲಿ ಕೂತ. ನಾನು ಸಂಜೆ ಬೈಕಿನಲ್ಲಿ ಹೊರಡುವಾಗ ಒಮ್ಮೊಮ್ಮೆ ಕೈ ಅಡ್ಡ ಹಿಡಿದು ನಿಲ್ಲಿಸುತ್ತಿದ್ದ. "ಸಾಹೇಬ್ರ, ಲೈಬ್ರರ್ಯಾಗ ಮೂರನೇ ಕಿಟಕಿ ದೀಪ ಇನ್ನಾ ಉರ್ಯಾಕತ್ತದ್ರಿ." ನನ್ನ ಪರದೆಯಲ್ಲಿ ಅದು ಹಸಿರೇ ಇರುತ್ತಿತ್ತು. ಹೋಗಿ ನೋಡಿದರೆ ಉರಿಯುತ್ತಿರುತ್ತಿತ್ತು. ದೂರದ ಗೇಟಿನಿಂದ, ಬರಿಗಣ್ಣಿನಲ್ಲಿ.

ಹೋದ ವರ್ಷ ಬನ್ನಿ ಹಬ್ಬದ ದಿನ ಅವನೇ ನನ್ನ ಮನೆಗೆ ಬಂದ. "ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ," ಎಂದು ಬನ್ನಿ ಎಲೆ ಕೈಗಿಟ್ಟ. ಕೈ ಬಿಡಲಿಲ್ಲ. ನನ್ನ ನಡುಬೆರಳಿನ ಮೇಲಿನ ಹಳೆಯ ಗೆರೆಯನ್ನು ಹೆಬ್ಬೆರಳಿನಿಂದ ಸವರಿ, "ನಡುಬಟ್ಟು ಆರಾಮಾಯ್ತೇನ್ರಿ?" ಎಂದ.

ಐದು ವರ್ಷದ ಹಿಂದಿನ ಗಾಯ. "ಗೊತ್ತಿದ್ದೂ ಯಾಕ ಒಪ್ಪಿಕೊಂಡಿ, ಸಾಬಣ್ಣ?" ಎಂದೆ.

"ವಿಭೂತಿ ಹಚ್ಚೂದು ತಪ್ಪಂತ ಕಾಗದದಾಗ ಬರದವ್ರು ನೀವು. ನಾ ಏನ್ ಬರದಿದ್ದೆ? ಪೂಜಿ ಮಾಡೀನಿ ಅನ್ನಾಕ ನನಗ್ಯಾತರ ನಾಚಿಕಿ?" ನಕ್ಕ. ಆಮೇಲೆ ನಗು ನಿಂತಿತು. "ಖರೆ, ಕೀಲಿ ಕಸ್ಗೊಂಡಿದ್ದು ಭಾಳ ಸಂಕಟ ಆಯ್ತ್ರಿ. ಇವತ್ತು ಹೇಳ್ತಾರ, ನಾಳೆ ಹೇಳ್ತಾರ ಅಂತ ನಿಮ್ಮ ದಾರಿ ಕಾದೆ."

ನಾನು ಏನು ಹೇಳಿದೆ ಗೊತ್ತೇ? "ಚಹಾ ಕುಡಿ, ಸಾಬಣ್ಣ" ಎಂದೆ. ಅಷ್ಟೇ. ಇನ್ನೂ ಒಂದು ವರ್ಷ ಸುಮ್ಮನಿದ್ದೆ.

ಬರುವ ಶನಿವಾರ ಸಾಬಣ್ಣನ ನಿವೃತ್ತಿ. ಅವನ ಬಗ್ಗೆ ಎರಡು ಮಾತಾಡಲು ನನಗೇ ಹೇಳಿದ್ದಾರೆ. ಪ್ರಮಾಣಪತ್ರವನ್ನು ಗೋಡೆಯಿಂದ ಇಳಿಸಿದ್ದೇನೆ. ಪ್ರಾಂಶುಪಾಲರ ಕಪಾಟಿನಿಂದ ಕೀಲಿಗೊಂಚಲು ಒಂದು ದಿನದ ಮಟ್ಟಿಗೆ ಕೇಳಿ ಪಡೆದಿದ್ದೇನೆ. ಯಾಕೆಂದು ಅವರಿಗಿನ್ನೂ ಹೇಳಿಲ್ಲ. ಅಂದು ಸಂಜೆ ಐದಕ್ಕೆ ಪೆಟ್ಟಿಗೆಗಳನ್ನೆಲ್ಲ ಬಂದ್ ಮಾಡುತ್ತೇನೆ. ಮೂರೂ ಕಟ್ಟಡ ಅವನೇ ಸುತ್ತಲಿ, ಬರುತ್ತೇನೆಂದರೆ. ಇದರಿಂದ ಆರು ವರ್ಷ ತಿರುಗಿ ಬರುವುದಿಲ್ಲ, ಗೊತ್ತಿದೆ.

ಆಡಬೇಕಾದ ಎರಡು ಮಾತನ್ನು ಮೂರು ದಿನದಿಂದ ಕನ್ನಡಿಯ ಮುಂದೆ ಆಡಿ ನೋಡುತ್ತಿದ್ದೇನೆ. ಸಾಬಣ್ಣ ಸುಳ್ಳನ್ನೇ ಒಂದು ಉಸಿರಿನಲ್ಲಿ ಹೇಳಿದ್ದ. ನನಗೆ ನಿಜವನ್ನು ಹೇಳಲು ಇನ್ನೂ ದನಿ ಒಡೆಯುತ್ತದೆ —

ಹೌದ್ರಿ. ನಾನೇ ಹಚ್ಚೀನ್ರಿ.